ಇನಿಷಿಯಲ್‌ಗೂ ಒಂದು ಜಾಗ ಬೇಕು

"ಮೇಡಂ, ಲಾಸ್ಟ್ ನೇಮ್ ಎಂದಿರುವಲ್ಲಿ ಏನು ಬರೆಯಲಿ?"

ಪದವಿ ಕಾಲೇಜಿನ ಲ್ಯಾಬಿನಲ್ಲಿ ಮಕ್ಕಳಿಗೆ ಆನ್‌ಲೈನ್ ಕೋರ್ಸಿನ ಪ್ರೊಫೈಲ್ ಮಾಡಿಸಲು ಕೂತರೆ ಹತ್ತು ನಿಮಿಷದೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅವರ ಹೆಸರಿನ ಜೊತೆಗಿರುವುದು ಎರಡೇ ಅಕ್ಷರ. ಒಂದು ಊರಿನದು, ಇನ್ನೊಂದು ಅಪ್ಪನದು. ಅಡ್ಡಹೆಸರು ಎಂಬುದೇ ಆ ಮನೆಗಳಲ್ಲಿಲ್ಲ. ಖಾಲಿ ಬಿಟ್ಟರೆ ಕೆಂಪು ಗೆರೆ ಮೂಡುತ್ತದೆ, ಫಾರಂ ಮುಂದಕ್ಕೆ ಹೋಗುವುದಿಲ್ಲ.

ಹಳೇ ಮೈಸೂರು ಕಡೆ ಹೆಸರಿನ ಕ್ರಮವೇ ಹೀಗೆ. ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ ಎಂಬಲ್ಲಿ ಊರು ಮೊದಲು, ತಂದೆ ಆಮೇಲೆ, ಸ್ವಂತ ಹೆಸರು ಕೊನೆಗೆ. ಇದರಲ್ಲಿ ಫಸ್ಟ್ ಯಾವುದು, ಲಾಸ್ಟ್ ಯಾವುದು? ಉತ್ತರ ಕರ್ನಾಟಕದ ಮಕ್ಕಳಿಗೆ ಮನೆತನದ ಅಡ್ಡಹೆಸರು ಇರುವುದರಿಂದ ಈ ತೊಡಕು ಕಡಿಮೆ.

ಇದೇನು ಮಹಾ ಎನ್ನುವವರಿಗೆ ಹೇಳುತ್ತೇನೆ. ಹಿಂದಿನ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಖಾಸಗಿ ಕಲಿಕಾ ತಾಣವೊಂದರಲ್ಲಿ ಬೇರೆ ದಾರಿ ಕಾಣದೆ ತನ್ನ ಹೆಸರನ್ನೇ ಎರಡು ಸಲ ತುಂಬಿದಳು. ರಾತ್ರಿ ಅಪ್ಪನ ಮೊಬೈಲು ಬಿಡುವಾದ ಮೇಲೆ ಪಾಠ ಕೇಳಿ, ಹನ್ನೆರಡು ವಾರ ಕಷ್ಟಪಟ್ಟು ಪಡೆದ ಪ್ರಮಾಣಪತ್ರದಲ್ಲೂ ಹೆಸರು ಹಾಗೆಯೇ ಜೋಡಿಯಾಗಿ ಬಂತು. ಸಂದರ್ಶನದಲ್ಲಿ "ಇದು ನಿಮ್ಮದೇ ಎನ್ನಲು ದಾಖಲೆ ಏನು?" ಎಂದು ಕೇಳಿದರಂತೆ. ಆ ಹಾಳೆಯನ್ನು ತಂದು ನನ್ನ ಮೇಜಿನ ಮೇಲಿಟ್ಟಾಗ ಎರಡನೆಯ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದಳು.

ಬರೆಯುವ ಮೊದಲು ನಾನು ಪಕ್ಕದಲ್ಲಿ ನಿಂತು ನೋಡಬೇಕಿತ್ತು.

ಈಗ ಈ ಕೋರ್ಸುಗಳು ಬಿಡುವಿನ ವೇಳೆಯ ಕಲಿಕೆಯಾಗಿ ಉಳಿದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣವಾದ 'ಸ್ವಯಂ' ಮೂಲಕ ಮಾಡಲು ಬಿಡಬಹುದು. ಅದರಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳ ಪರೀಕ್ಷೆಗೆ ನೋಂದಾಯಿಸುವಾಗ ಕೊಟ್ಟ ಹೆಸರೇ ಪ್ರಮಾಣಪತ್ರಕ್ಕೆ ಹೋಗುತ್ತದೆ. ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪ್ರಮಾಣಪತ್ರದಲ್ಲಿ ಮತ್ತೊಂದು ಹೆಸರಾದರೆ ಅಲೆಯುವುದು ಆ ಮಗುವೇ.

ಇಮೇಲಿನದು ಬೇರೆಯೇ ಕಥೆ. ಎಷ್ಟೋ ಮಕ್ಕಳ ಜಿಮೇಲ್ ಖಾತೆಯನ್ನು ತೆರೆದುಕೊಟ್ಟವರು ಊರಿನ ಸೈಬರ್ ಅಂಗಡಿಯವರು. ಪಾಸ್‌ವರ್ಡ್ ಇರುವುದೂ ಅವರ ಬಳಿಯೇ. ಒಟಿಪಿ ಹೋಗುವುದು ಹೊಲದಲ್ಲಿರುವ ಅಪ್ಪನ ಫೋನಿಗೆ. ಅವರು ಕರೆ ಎತ್ತಿ, ಕನ್ನಡಕ ಹುಡುಕಿ, ಅಂಕಿ ಓದಿ ಹೇಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ತಾಣ ಕಟ್ಟುವವರಲ್ಲಿ ನನ್ನ ಬೇಡಿಕೆ ಇಷ್ಟೇ: ಹೆಸರಿಗೆ ಒಂದೇ ಕಾಲಂ ಕೊಡಿ, ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಲು ಬಿಡಿ. ಸಹೋದ್ಯೋಗಿಗಳೇ, ಪ್ರೊಫೈಲ್ ಮಾಡಿಸಲು ಒಂದು ಪೂರ್ತಿ ತರಗತಿಯನ್ನೇ ಮೀಸಲಿಡಿ. "ಮನೆಯಲ್ಲಿ ತುಂಬಿಕೊಂಡು ಬನ್ನಿ" ಎಂದು ಕಳಿಸಬೇಡಿ.

ಈ ವರ್ಷದ ಮಕ್ಕಳು ಸೋಮವಾರ ಲ್ಯಾಬಿಗೆ ಬರುತ್ತಾರೆ. ಅಂಕಪಟ್ಟಿಯ ಜೆರಾಕ್ಸ್ ತರಲು ಹೇಳಿದ್ದೇನೆ. ಮೊದಲು ಹಾಳೆಯ ಮೇಲೆ ಬರೆಯಿಸಿ, ಒಂದೊಂದು ಅಕ್ಷರವನ್ನೂ ತಾಳೆ ನೋಡಿದ ಮೇಲೆಯೇ ಕಂಪ್ಯೂಟರ್ ಮುಂದೆ ಕೂರಿಸುತ್ತೇನೆ.