ನ್ಯಾನೊಸೆಕೆಂಡ್ ಉಳಿಸಲು ಒಂಬತ್ತು ತಿಂಗಳು

ಷೇರು ಕೊಳ್ಳುವ, ಮಾರುವ ಆರ್ಡರುಗಳನ್ನು ಸಾಗಿಸುವ ಸಾಫ್ಟ್‌ವೇರ್ ಎಂಜಿನ್ ಒಂದನ್ನು ಕಟ್ಟಬೇಕಿತ್ತು. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯೋದು ಅಂತ ತೀರ್ಮಾನಿಸಲು ಕಮಿಟಿ ಮಾಡಿದರು. ನನ್ನನ್ನೂ ಅದರಲ್ಲಿ ಕೂರಿಸಿದರು. ಒಂಬತ್ತು ತಿಂಗಳು ಕೂತೆವು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನೀವು ನೋಡಿರಬಹುದು. ನಾವು ಕುಲಾವಿಯ ದಾರ ಹತ್ತಿಯದೋ ರೇಷ್ಮೆಯದೋ ಅನ್ನುವಲ್ಲೇ ಇದ್ದೆವು.

ಸಿ ಪ್ಲಸ್ ಪ್ಲಸ್ ಪಂಗಡದವರು ಮೊದಲು ಎದ್ದರು. "ಜಾವಾದಲ್ಲಿ ಗಾರ್ಬೇಜ್ ಕಲೆಕ್ಟರ್ ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸೋಕೆ ನಿಂತರೆ ಆರ್ಡರ್ ಬಾಗಿಲಲ್ಲೇ ಕಾಯಬೇಕು." ಜಾವಾದವರು ಸುಮ್ನಿರುತ್ತಾರಾ? "ನಮ್ಮಲ್ಲಿ ಗುಡಿಸೋರಾದರೂ ಇದ್ದಾರೆ. ನಿಮ್ಮಲ್ಲಿ ಕಸ ಹಾಕಿದವನೇ ಎತ್ತಬೇಕು. ಅವನೋ, ಮರೆತು ಮನೆಗೆ ಹೋಗಿರುತ್ತಾನೆ." ರಸ್ಟ್ ಅನ್ನುವ ಭಾಷೆ ಕಲಿತು ಆರು ವಾರವಾಗಿದ್ದ ಹುಡುಗ ಇಬ್ಬರನ್ನೂ ಅಯ್ಯೋ ಪಾಪ ಅನ್ನುವಂತೆ ನೋಡಿದ. ಅವನ ಕೋಡ್ ಇನ್ನೂ ಒಮ್ಮೆಯೂ ಕಂಪೈಲ್ ಆಗಿ ಯಂತ್ರದ ಭಾಷೆಗೆ ಇಳಿದಿರಲಿಲ್ಲ. ಹಾಗಾಗಿ ಅದರಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ಎರ್ಲಾಂಗ್ ಅಂದವರೂ ಒಬ್ಬರಿದ್ದರು. ಟೆಲಿಫೋನ್ ಎಕ್ಸ್‌ಚೇಂಜುಗಳಿಗೆಂದು ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ ಭಾಷೆ, ಸಂದೇಶ ಸಾಗಿಸೋದೇ ಅದರ ಕಸುಬು. ಮಾತು ತೀರಾ ಸರಿಯಾಗಿದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಷ್ಟಕ್ಕೂ ಸಾಗಿಸಬೇಕಾದ ಸರಕು ಏನು ಗೊತ್ತಾ? ಫಿಕ್ಸ್ ಸಂದೇಶ. ಫೋನಿನಲ್ಲಿ ಹೇಳುತ್ತಿದ್ದದ್ದನ್ನು ಕಂಪ್ಯೂಟರಿನಿಂದ ಕಳಿಸೋಣ ಅಂತ 1992ರಲ್ಲಿ ಫಿಡೆಲಿಟಿ ಮತ್ತು ಸಾಲೊಮನ್ ಬ್ರದರ್ಸ್ ನಡುವೆ ಶುರುವಾದ ಏರ್ಪಾಡು. 35=ಡಿ ಅಂದರೆ ಹೊಸ ಆರ್ಡರ್. 54=1 ಅಂದರೆ ಕೊಳ್ಳು, 2 ಅಂದರೆ ಮಾರು. 38 ಎಷ್ಟು, 44 ಯಾವ ದರಕ್ಕೆ. ಕೊನೆಗೆ 10, ಸಂದೇಶ ಕೆಡದೆ ಬಂತಾ ಅಂತ ನೋಡೋಕೆ: ಅದರ ಹಿಂದಿನ ಬೈಟುಗಳನ್ನೆಲ್ಲ ಕೂಡಿ, 256ರಿಂದ ಭಾಗಿಸಿ, ಉಳಿದದ್ದನ್ನು ಮೂರಂಕಿಯಲ್ಲಿ ಬರೆದರೆ ಮುಗೀತು. ಇಷ್ಟು ಲೆಕ್ಕ ಬಾರದ ಭಾಷೆಯನ್ನು ನಾನಂತೂ ನೋಡಿಲ್ಲ.

ಇನ್ನೊಂದು ಇದೆ, ಹಾರ್ಟ್‌ಬೀಟ್. ಹೇಳೋಕೆ ಏನೂ ಇಲ್ಲದಿದ್ದರೂ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ 'ಇದ್ದೀನಿ' ಅಂತ ತಿಳಿಸಬೇಕು. ಕಮಿಟಿಗೂ ಈ ನಿಯಮ ಹಾಕಿದ್ದರೆ ಎರಡನೇ ವಾರವೇ ಕನೆಕ್ಷನ್ ಕಟ್ ಆಗುತ್ತಿತ್ತು.

ದರವನ್ನು ಯಾವುದರಲ್ಲಿ ಇಟ್ಟುಕೊಳ್ಳೋದು ಅಂತ ಒಮ್ಮೆ ಕೇಳಿದೆ. "ಡಬಲ್‌ನಲ್ಲಿ. ಅದೇನು ಮಹಾ?" ಅಂದರು. ಡಬಲ್‌ನಲ್ಲಿ (ದಶಮಾಂಶವನ್ನು ಕಂಪ್ಯೂಟರ್ ಅಂದಾಜಿನಲ್ಲಿ ಹಿಡಿದಿಡುವ ಬಗೆ ಅದು) 0.1ಕ್ಕೆ 0.2 ಕೂಡಿದರೆ 0.30000000000000004 ಆಗುತ್ತೆ. ಸಿ ಪ್ಲಸ್ ಪ್ಲಸ್, ಜಾವಾ, ರಸ್ಟ್, ಒಂಬತ್ತು ತಿಂಗಳಲ್ಲಿ ಮೂರೂ ಒಪ್ಪಿದ ಉತ್ತರ ಇದೊಂದೇ.

ಅಮೆರಿಕದ ಷೇರು ವಹಿವಾಟಿನ ಕಂಪನಿ ನೈಟ್ ಕ್ಯಾಪಿಟಲ್ ಕಥೆಯನ್ನೂ ಹೇಳಿ ನೋಡಿದೆ. 2012ರ ಆಗಸ್ಟ್ 1. ಎಂಟು ಸರ್ವರುಗಳಲ್ಲಿ ಏಳಕ್ಕೆ ಹೊಸ ಕೋಡ್ ಹಾಕಿದ್ದರು, ಒಂದು ಉಳಿದುಹೋಗಿತ್ತು. ಅದರೊಳಗೆ ವರ್ಷಗಟ್ಟಲೆ ಮಲಗಿದ್ದ ಹಳೇ ಕೋಡ್ ಎದ್ದು ಕೂತು, ಸುಮಾರು 45 ನಿಮಿಷ ಆರ್ಡರ್ ಮೇಲೆ ಆರ್ಡರ್ ಕಳಿಸಿತು. 44 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟ. ಕಮಿಟಿ ಉಸಿರು ಬಿಗಿಹಿಡಿದು ಕೇಳಿತು. ಆಮೇಲೆ ಒಬ್ಬರು ಮೆಲ್ಲಗೆ ಕೇಳಿದರು: "ಯಾವ ಭಾಷೆ ಅದು?"

ಕೊನೆಗೆ ಗೆದ್ದದ್ದು, ನಮ್ಮ ಡೈರೆಕ್ಟರು ತಾವೇ ಕೋಡ್ ಬರೆಯುತ್ತಿದ್ದ ಕಾಲದಲ್ಲಿ ಕಲಿತಿದ್ದ ಭಾಷೆ. ಯಾವುದು ಅಂತ ಹೇಳಲ್ಲ, ಮತ್ತೆ ಜಗಳ ಶುರುವಾಗುತ್ತೆ.

ಮೊದಲ ದಿನ ಮಧ್ಯಾಹ್ನ ಎಂಜಿನ್ ಒಮ್ಮೆ ಬಿದ್ದು ಎದ್ದಿತು. ಫಿಕ್ಸ್ ಸಂದೇಶಗಳಿಗೆ ಒಂದಾದ ಮೇಲೊಂದು ನಂಬರ್ ಇರುತ್ತೆ. ಇದು ಎದ್ದದ್ದೇ ತನ್ನ ಸಂದೇಶಕ್ಕೆ ಮತ್ತೆ 1 ಅಂತ ನಂಬರ್ ಹಾಕಿ ಕಳಿಸಿತು. ಆ ಕಡೆಯವರು 118ನೇ ಸಂದೇಶಕ್ಕೆ ಕಾಯುತ್ತಿದ್ದರು. ಫಿಕ್ಸ್‌ನಲ್ಲಿ ಹೀಗೆ ನಂಬರ್ ಕಮ್ಮಿ ಬಂದರೆ ಮಾತೇ ಇಲ್ಲ, ಸಂಪರ್ಕ ಕಟ್. ಮೂರೂ ಪಂಗಡದವರು ಒಂದೇ ಸ್ಕ್ರೀನಿನ ಮುಂದೆ ಗುಂಪುಗೂಡಿದರು. ಯಾರಿಗೂ ಏನೂ ಹೊಳೆಯದೆ ನಾನು ಫೋನ್ ಮಾಡಿದೆ. "118 ಹಾಕ್ಕೊಳ್ಳಿ ಸರ್" ಅಂತ ಹೇಳಿ ಆ ಕಡೆಯ ಹುಡುಗ ಫೋನ್ ಇಟ್ಟ. ರಸ್ಟ್ ಹುಡುಗ ನೋಟ್‌ಪ್ಯಾಡ್ ತೆಗೆದು, ನಂಬರಿನ ಫೈಲಿನಲ್ಲಿ ಕೈಯಾರೆ 118 ಅಂತ ಬರೆದು ಸೇವ್ ಮಾಡಿದ. ಆರ್ಡರುಗಳು ಹೊರಟವು.