ಮುಚ್ಚುವ ಮಣ್ಣು, ಮಾಗಿಸುವ ಮಣ್ಣು

ಕ್ಯಾಲಿಫೋರ್ನಿಯಾದ ಫ್ರೆಸ್ನೊಗೆ ಬಂದ ಹೊಸತರಲ್ಲಿ ಆಟದ ಮೈದಾನದ ಪಕ್ಕದ ಉದ್ದನೆಯ ದಿಣ್ಣೆ ಏನೆಂದು ವಿಚಾರಿಸಿದ್ದೆ. ಕಸದ ದಿಣ್ಣೆ! 1937ರಿಂದ ಐವತ್ತು ವರ್ಷ ಊರಿನ ಕಸವನ್ನು ಇಲ್ಲಿ ಕಂದಕ ತೋಡಿ ಸುರಿದು, ಅದುಮಿ, ದಿನದಿನವೂ ಮಣ್ಣು ಹೊದಿಸಿದ್ದಾರೆ. ಅಮೆರಿಕಕ್ಕೆಲ್ಲ ಮೇಲ್ಪಂಕ್ತಿಯಾದ ಈ ಜಾಗಕ್ಕೆ 2001ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣದ ಮನ್ನಣೆಯೂ ಸಿಕ್ಕಿತು. ಸಂಜೆ ಕೆಲಸ ಮುಗಿಯುವಾಗ ಅಂದಿನ ಕಸದ ಮೇಲೆ ಆರು ಇಂಚು ಮಣ್ಣು ಬೀಳಬೇಕೆಂಬುದು ಈಗಲೂ ಅಮೆರಿಕದ ನಿಯಮ.

ಆ ಆರು ಇಂಚಿನ ಬೆಲೆ ನನಗೆ ಗೊತ್ತು. ನಮ್ಮ ಸೋದರತ್ತೆಯ ಊರು, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಹತ್ತಿರ. ಬೆಂಗಳೂರಿನ ಲಾರಿಗಳು ಹಾದುಹೋದ ಮೇಲೆ ರಸ್ತೆಯುದ್ದಕ್ಕೂ ಕಪ್ಪು ನೀರು ಸೋರಿರುತ್ತಿತ್ತು; ಊಟದ ತಟ್ಟೆಯನ್ನು ಒಂದು ಗಳಿಗೆ ತೆರೆದಿಟ್ಟರೂ ನೊಣ ಮುತ್ತುತ್ತಿದ್ದವು. ಅಲ್ಲಿನವರು ಸಿಟ್ಟಿಗೆದ್ದು ಕಸ ಬೇಡವೆಂದದ್ದು ನ್ಯಾಯವೇ.

ಆದರೂ ‘ಅಮೆರಿಕದವರಂತೆ ಮಣ್ಣು ಮುಚ್ಚಿಬಿಡಿ, ಮುಗಿಯಿತು’ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಮಣ್ಣು ನೊಣ, ನಾತ, ಬೆಂಕಿಯನ್ನು ತಡೆಯುತ್ತದೆ. ಜೇಡಿಮಣ್ಣಾದರೆ ಗಾಳಿ, ನೀರನ್ನೂ ತಡೆಯುತ್ತದೆ. ತೇವವಿಲ್ಲದೆ ಕಸ ಕೊಳೆಯುವುದಾದರೂ ಹೇಗೆ? ಅರಿಜೋನಾ ವಿಶ್ವವಿದ್ಯಾಲಯದವರು ಇಂಥ ದಿಣ್ಣೆಗಳನ್ನು ಅಗೆದಾಗ ದಶಕಗಳ ಹಿಂದಿನ ದಿನಪತ್ರಿಕೆಗಳು ಓದುವಂತಿದ್ದವು. ಕೊಳೆತಷ್ಟು ಭಾಗ ಗಾಳಿಯಿಲ್ಲದೆ ಕೊಳೆತು ಮೀಥೇನ್ ಆಗುತ್ತದೆ. ಅಡಿಯಲ್ಲಿ ತಡೆಪದರವಿಲ್ಲದ ಫ್ರೆಸ್ನೊದ ದಿಣ್ಣೆಯಂತೂ ಅಂತರ್ಜಲವನ್ನೇ ಕೆಡಿಸಿತು.

ಫ್ರೆಸ್ನೊದ ಕಂದಕ ಶುರುವಾದ ಎರಡೇ ವರ್ಷಕ್ಕೆ, 1939ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರೂ ಗುಂಡಿಯ ಕೆಲಸ ಮಾಡುತ್ತಿದ್ದರು. ಮೂರಡಿ ಆಳದ ಗುಂಡಿ. ಕಸದ ಮೇಲೊಂದು ಪದರ ಮಲ, ಮತ್ತೆ ಕಸ, ಕೊನೆಗೆ ಮೇಲೆ ಕೆಸರಿನ ಮೆತ್ತಿಗೆ. ಅಲ್ಲಿಯೂ ಗಾಳಿಯಾಡುವುದಿಲ್ಲ, ಆದರೆ ತೇವ ಆರುವುದಿಲ್ಲ. ಆರೆಂಟು ತಿಂಗಳಿಗೆ ಗುಂಡಿ ತೆರೆದರೆ ಹೊಲಕ್ಕೆ ಗೊಬ್ಬರ. ‘ಬೆಂಗಳೂರು ವಿಧಾನ’ ಎಂದು ಇದು ಲೋಕಕ್ಕೆಲ್ಲ ಗೊತ್ತು. ಅಮೆರಿಕದವರು ತೆರೆಯದಿರಲು ಮುಚ್ಚಿದರು. ನಮ್ಮವರು ತೆರೆಯಲೆಂದೇ ಮುಚ್ಚಿದರು.

ಬೆಂಗಳೂರಿನ ಕಸದಲ್ಲಿ ಇಂದಿಗೂ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಅದನ್ನು ಪ್ಲಾಸ್ಟಿಕ್ಕಿನ ಜೊತೆ ಬೆರೆಸಿ ಕಲ್ಲುಕ್ವಾರಿಗೆ ಸುರಿದು ಮಣ್ಣು ಹಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕಳೆದ ಸಲ ರಜೆಗೆ ಹೋದಾಗ ಅತ್ತೆ ತಿಪ್ಪೆ ಬಗೆಯುತ್ತಿದ್ದರು. ಗೊಬ್ಬರ ಕೈಯಲ್ಲಿ ಕರಿಮಣ್ಣಿನಂತೆ ಉದುರುತ್ತಿತ್ತು. ನಡುವೆ ಒಂದು ಶಾಂಪೂ ಪೊಟ್ಟಣ ಸಿಕ್ಕಿತು, ಅಂಗಡಿಯಿಂದ ತಂದಾಗಿನ ಹಸಿರು ಬಣ್ಣ ಒಂದಿಷ್ಟೂ ಮಾಸದೆ.