ಪೇಪರ್ ಸರಿ ಇದ್ದರೆ ಗುಂಡೂ ಸಾಚಾ

ಅಮೆರಿಕದಲ್ಲಿ ಕೊಲೆಗಡುಕನನ್ನು ಗುರುತಿಸುವುದು ಬಲು ಸುಲಭ. ಕೈಯಲ್ಲಿ ರಕ್ತ ಇದೆಯಾ ಅಂತ ನೋಡಬೇಕಿಲ್ಲ, ವೀಸಾ ಇದೆಯಾ ಅಂತ ನೋಡಿದರೆ ಸಾಕು. ಪೇಪರ್ ಇಲ್ಲದ ಒಬ್ಬ ಕೊಲೆ ಮಾಡಿದರೆ ಅವನ ಇಡೀ ದೇಶವೇ ಕಟಕಟೆ ಹತ್ತುತ್ತದೆ. ಅಲ್ಲೇ ಹುಟ್ಟಿದ ಬಿಳಿಯ ಹುಡುಗ ಶಾಲೆಗೆ ನುಗ್ಗಿ ಗುಂಡು ಹಾರಿಸಿದರೆ? ಪಾಪ, ಒಂಟಿ ಜೀವ, ತಲೆ ಸರಿ ಇರಲಿಲ್ಲ. (ಕಪ್ಪು ನಾಗರಿಕನಿಗೆ ಈ ರಿಯಾಯಿತಿ ಇಲ್ಲ. ಅವನ ಪಾಸ್‌ಪೋರ್ಟ್ ದೂರದಿಂದ ಕಾಣಿಸಲ್ಲ ನೋಡಿ.)

2015ರ ಜೂನ್‌ನಲ್ಲಿ ಟ್ರಂಪ್ ಸಾಹೇಬರು ಈ ಶಾಸ್ತ್ರಕ್ಕೆ ಭಾಷ್ಯ ಬರೆದರು. ಮೆಕ್ಸಿಕೊದಿಂದ ಬರುವವರು ಡ್ರಗ್ಸ್ ತರುತ್ತಾರೆ, ಅಪರಾಧ ತರುತ್ತಾರೆ, ಅತ್ಯಾಚಾರಿಗಳು ಅಂದರು. ಕೆಲವರು ಒಳ್ಳೆಯವರೂ ಇರಬಹುದೇನೋ ಅಂತ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಸೇರಿಸಿದರು. 2016ರಲ್ಲಿ ಗೆದ್ದು 2017ರಲ್ಲಿ ಗದ್ದುಗೆ ಏರಿದವರೇ, ವಲಸಿಗರ ಅಪರಾಧಕ್ಕೆ ತುತ್ತಾದವರಿಗೆಂದೇ ಒಂದು ಸರ್ಕಾರಿ ಕಚೇರಿ ತೆರೆದರು. ನಾಗರಿಕನ ಕೈಯಲ್ಲಿ ಸತ್ತವರ ಮನೆಯವರು ಆ ಬಾಗಿಲು ತಟ್ಟುವ ಹಾಗಿಲ್ಲ. ಸತ್ತಿದ್ದು ಬೇಜಾರೇ, ಆದರೆ ಕೊಂದವನ ದಾಖಲೆ ಸರಿ ಇತ್ತಲ್ವಾ!

ಎಲ್ಲಾ ಸರಿಯಾಗಿ ನಡೆಯುತ್ತಿರುವಾಗ ಟೆಕ್ಸಾಸ್ ಯಡವಟ್ಟು ಮಾಡಿತು. ಅಲ್ಲಿ ಯಾರನ್ನೇ ಹಿಡಿದರೂ ಬೆರಳಚ್ಚು ಕಳಿಸಿ ಅವರ ವಲಸೆ ದಾಖಲೆ ನೋಡುತ್ತಾರೆ. 2012ರಿಂದ 2018ರವರೆಗಿನ ಈ ಲೆಕ್ಕವನ್ನು ಸಂಶೋಧಕರು 2020ರಲ್ಲಿ ಬಿಚ್ಚಿಟ್ಟರು. ಹಿಂಸೆಯ ಕೇಸುಗಳಲ್ಲಿ ಸಿಕ್ಕಿಬೀಳುವ ಪ್ರಮಾಣ ಪೇಪರ್ ಇಲ್ಲದವರಿಗಿಂತ ಅಲ್ಲೇ ಹುಟ್ಟಿದ ನಾಗರಿಕರಲ್ಲಿ ಎರಡು ಪಟ್ಟಿಗೂ ಜಾಸ್ತಿ! ಹಾಗಾದರೆ ಹೆದರಬೇಕಾದದ್ದು ಅಮೆರಿಕದ ಬರ್ತ್ ಸರ್ಟಿಫಿಕೇಟಿಗೆ. ಆದರೆ ಅದನ್ನು ಕಂಡು ಪರ್ಸು ಬಿಗಿಹಿಡಿದು ರಸ್ತೆಯ ಆಚೆ ಬದಿಗೆ ಹೋದವರು ಯಾರೂ ಇಲ್ಲ.

ಪೇಪರ್ ಸರಿ ಮಾಡಿಕೊಂಡರೆ ಬಚಾವಾ? ಓಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಹೈಟಿಯವರಲ್ಲಿ ಹೆಚ್ಚಿನವರು ಕಾನೂನು ಪ್ರಕಾರವೇ ಇದ್ದರು. 2024ರ ಸೆಪ್ಟೆಂಬರ್‌ನ ಚುನಾವಣಾ ಚರ್ಚೆಯಲ್ಲಿ ಟ್ರಂಪ್ ಬಾಯಲ್ಲಿ ಅವರು ಅಕ್ಕಪಕ್ಕದವರ ನಾಯಿ, ಬೆಕ್ಕು ತಿನ್ನುವವರಾಗಿಬಿಟ್ಟರು. ಆಮೇಲೆ ಬಾಂಬ್ ಬೆದರಿಕೆಗೆ ಶಾಲೆಗಳನ್ನೇ ಖಾಲಿ ಮಾಡಿಸಬೇಕಾಯಿತು.

2017ರ ಫೆಬ್ರವರಿಯಲ್ಲಿ ಕಾನ್ಸಾಸ್‌ನ ಒಲೇತ ಎಂಬ ಊರಿನ ಬಾರಿನಲ್ಲಿ ಇಬ್ಬರು ಭಾರತೀಯ ಎಂಜಿನಿಯರುಗಳು ಕೆಲಸ ಮುಗಿಸಿ ಕೂತಿದ್ದರು. ಒಬ್ಬ ಬಂದು ಯಾವ ವೀಸಾ, ಅಕ್ರಮವಾಗಿ ಬಂದಿದ್ದೀರಾ ಅಂತ ವಿಚಾರಣೆ ಶುರು ಮಾಡಿದ. ಅವನನ್ನು ಹೊರಗೆ ಕಳಿಸಿದರು. ಬಂದೂಕು ಹಿಡಿದು ವಾಪಸ್ ಬಂದ, ‘ನನ್ನ ದೇಶ ಬಿಟ್ಟು ತೊಲಗಿ’ ಅಂತ ಕೂಗಿ ಗುಂಡು ಹಾರಿಸಿದ. ಒಬ್ಬರು ಸತ್ತರು. ಕೊಂದವನ ಪೇಪರ್ ಮಾತ್ರ ಪಕ್ಕಾ, ಹಿಂದೆ ನೌಕಾಪಡೆಯಲ್ಲಿ ಇದ್ದವನು. ಅಲ್ಲಿಂದ ಓಡಿಹೋಗಿ, ತಾನು ಗುಂಡು ಹೊಡೆದದ್ದು ಇರಾನಿನವರಿಗೆ ಅಂತ ಹೇಳಿಕೊಂಡ.

ಡಲ್ಲಾಸ್‌ನಲ್ಲಿರುವ ನಮ್ಮವರು ಕೆಲವರಿಗೆ ಇದರ ಬಗ್ಗೆ ತಲೆಬಿಸಿಯೇ ಇಲ್ಲ. “ಅದೆಲ್ಲ ಇಲ್ಲೀಗಲ್‌ಗಳ ಕಥೆ ಕಣ್ರೀ, ನಮ್ಮದು ಎಚ್‌1ಬಿ, ಪಕ್ಕಾ ಕೆಲಸದ ವೀಸಾ” ಅಂತಾರೆ. ಒಲೇತದಲ್ಲಿ ಸತ್ತವರದ್ದೂ ಎಚ್‌1ಬಿ.